ನೂರಾರು ಯಂತ್ರಗಳ ಸಾಕ್ಷ್ಯ: ಸಿಪ್ಯಾನ್ ಪರೀಕ್ಷಕರ ಕಥೆ



ಕಾರ್ಯಕ್ರಮ ನಿರ್ಮಾಪಕನಾಗಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದ ಒಂದು ಘಟನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಸಂಕಲನ ಕೊಠಡಿಯಲ್ಲಿ ಎರಡು ಬಾರಿ ನೋಡಿ, ಎಲ್ಲವೂ ಸರಿಯಾಗಿದೆ ಎಂದು ಸಹಿ ಹಾಕಿ ಕಳಿಸಿದ್ದ ಟೇಪು ಅದು. ಪ್ರಸಾರಕ್ಕೆ ಅರ್ಧ ಗಂಟೆ ಇರುವಾಗ ಅದನ್ನು ಬೇರೊಂದು ಯಂತ್ರಕ್ಕೆ ಹಾಕಿದರೆ ಚಿತ್ರವೆಲ್ಲ ಹರಿದು ಹರಿದು ಬಂತು. "ನಮ್ಮಲ್ಲಿ ಚೆನ್ನಾಗಿಯೇ ಓಡಿತ್ತಲ್ಲ ಸಾರ್!" ಎಂದೆ. ಹಿರಿಯ ಇಂಜಿನಿಯರರು ನಕ್ಕರು. "ನೋಡುವ ಜನ ನಿನ್ನ ಕೊಠಡಿಯಲ್ಲಿ ಕೂತಿರುವುದಿಲ್ಲವಲ್ಲಪ್ಪ" ಎಂದರು.

ಗಣಕಯಂತ್ರಗಳಿಗೆ ತಂತ್ರಾಂಶ ಬರೆಯುವವರಿಗೂ ಇದೇ ಪಾಡು. ಬರೆದವನ ಯಂತ್ರದಲ್ಲಿ ಸರಿಯಾಗಿ ನಡೆದದ್ದು ಇನ್ನೊಬ್ಬನ ಯಂತ್ರದಲ್ಲಿ ನಡೆಯದೆ ನಿಂತುಬಿಡುತ್ತದೆ. ಈ ಸಮಸ್ಯೆಯನ್ನು ಯಾವ ಸರ್ಕಾರವೂ, ಯಾವ ದೊಡ್ಡ ಕಂಪನಿಯೂ ಮುಂದೆ ನಿಲ್ಲದೆ, ಕೆಲವು ಸ್ವಯಂಸೇವಕರು ಸೇರಿ ಹೇಗೆ ಎದುರಿಸಿದರು ಎಂಬುದೇ ಇಂದಿನ ವಿಷಯ.

ಕಥೆ ಆರಂಭವಾಗುವುದು 1987ರ ಡಿಸೆಂಬರಿನಲ್ಲಿ. ಅಮೆರಿಕದ ಲ್ಯಾರಿ ವಾಲ್ ಎಂಬುವರು 'ಪರ್ಲ್' ಎಂಬ ಕ್ರಮವಿಧಿ ಭಾಷೆಯನ್ನು ಎಲ್ಲರಿಗೂ ಉಚಿತವಾಗಿ ನೀಡಿದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು. ಇಂಥದನ್ನೇ ನಾವು ಮುಕ್ತ ತಂತ್ರಾಂಶ ಎನ್ನುತ್ತೇವೆ. ಆ ಮೊದಲ ಆವೃತ್ತಿಯ ಜೊತೆಯಲ್ಲಿಯೇ ವಾಲ್ ಅವರು ಪರೀಕ್ಷೆಗಳ ಒಂದು ಕಟ್ಟನ್ನೂ ಇಟ್ಟಿದ್ದರು. ಪ್ರತಿ ಪರೀಕ್ಷೆಯೂ ಒಂದು ಸಾಲಿನ ಉತ್ತರ ಕೊಡುತ್ತಿತ್ತು. ಸರಿಯಾದರೆ 'ಓಕೆ 1', ತಪ್ಪಾದರೆ 'ನಾಟ್ ಓಕೆ 2', ಅಷ್ಟೇ. ಮನುಷ್ಯನೂ ಓದಬಹುದು, ಯಂತ್ರವೂ ಎಣಿಸಬಹುದು. ಇಷ್ಟು ಸರಳವಾದ ಈ ಏರ್ಪಾಡು ಮುಂದೆ ಬಹಳ ದೊಡ್ಡ ಕೆಲಸಕ್ಕೆ ಬಂತು.

1994ರಲ್ಲಿ ಪರ್ಲ್ ಭಾಷೆಯ 5ನೆಯ ಆವೃತ್ತಿ ಹೊರಬಂದಾಗ 'ಮಾಡ್ಯೂಲ್'ಗಳನ್ನು ಬರೆಯುವುದು ಸುಲಭವಾಯಿತು. ಮಾಡ್ಯೂಲ್ ಎಂದರೆ ಒಬ್ಬರು ಬರೆದಿಟ್ಟ, ಬೇರೆಯವರು ತಮ್ಮ ಕ್ರಮವಿಧಿಯಲ್ಲಿ ಹಾಗೆಯೇ ಜೋಡಿಸಿಕೊಳ್ಳಬಹುದಾದ ತಂತ್ರಾಂಶದ ತುಂಡು. ದಿನಾಂಕಗಳ ಲೆಕ್ಕಕ್ಕೆ ಒಂದು, ಅಂಚೆ ಕಳಿಸಲು ಇನ್ನೊಂದು, ಹೀಗೆ. ಇವನ್ನೆಲ್ಲ ಒಂದೇ ಕಡೆ ಇಡಲು 1995ರ ಅಕ್ಟೋಬರಿನಲ್ಲಿ ಒಂದು ಭಂಡಾರ ಆರಂಭವಾಯಿತು. ಅದರ ಹೆಸರು ಕಾಂಪ್ರಿಹೆನ್ಸಿವ್ ಪರ್ಲ್ ಆರ್ಕೈವ್ ನೆಟ್‌ವರ್ಕ್, ಚಿಕ್ಕದಾಗಿ ಸಿಪ್ಯಾನ್. ಫಿನ್‌ಲೆಂಡಿನ ಯಾರ್ಕೊ ಹಿಯೆಟಾನಿಯೆಮಿ, ಜರ್ಮನಿಯ ಆಂಡ್ರಿಯಾಸ್ ಕೋನಿಗ್ ಮೊದಲಾದವರು ಇದನ್ನು ಕಟ್ಟಿದರು. ಮೂಲ ಭಂಡಾರ ಫಿನ್‌ಲೆಂಡಿನಲ್ಲಿದ್ದರೆ, ಅದರ ಪ್ರತಿರೂಪಗಳು ಹಲವು ದೇಶಗಳಲ್ಲಿದ್ದವು.

ಈಗ ಒಂದು ಪ್ರಶ್ನೆ. ಈ ಭಂಡಾರಕ್ಕೆ ಯಾರು ಬೇಕಾದರೂ ಮಾಡ್ಯೂಲ್ ಸೇರಿಸಬಹುದಾಗಿತ್ತು. ಗುಣಮಟ್ಟ ನೋಡಿ ಮುದ್ರೆ ಒತ್ತುವ ಅಧಿಕಾರಿ ಇರಲಿಲ್ಲ. ಹಾಗಾದರೆ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು?

ಕಷ್ಟವೇನೆಂದು ಒಂದು ಉದಾಹರಣೆಯಿಂದ ನೋಡೋಣ. ಒಂದು ಕಡತ ಯಾವ ಕೋಶದಲ್ಲಿದೆ ಎಂದು ಬರೆಯುವಾಗ ಯುನಿಕ್ಸ್ ವ್ಯವಸ್ಥೆಯಲ್ಲಿ ಹೆಸರುಗಳ ನಡುವೆ ಓರೆಗೆರೆ ಹಾಕುತ್ತಾರೆ. ವಿಂಡೋಸ್‌ನಲ್ಲಿ ಅದೇ ಗೆರೆ ಹಿಂದಕ್ಕೆ ಓರೆಯಾಗಿರುತ್ತದೆ. ಹಳೆಯ ಮ್ಯಾಕಿಂಟೋಷ್‌ನಲ್ಲಿ ಎರಡು ಚುಕ್ಕೆಗಳಿದ್ದವು. ಪರ್ಲ್ ಭಾಷೆ ಇವೆಲ್ಲವುಗಳ ಮೇಲೂ ಓಡುತ್ತಿತ್ತು. ಒಬ್ಬ ಲೇಖಕನ ಮನೆಯಲ್ಲಿ ಇವೆಲ್ಲ ಯಂತ್ರಗಳೂ ಇರಲು ಸಾಧ್ಯವೇ? ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಹೊಸ ಬತ್ತದ ತಳಿಯೊಂದನ್ನು ಬಿಡುಗಡೆ ಮಾಡುವ ಮೊದಲು ಬೇರೆ ಬೇರೆ ಊರುಗಳ ಮಣ್ಣಿನಲ್ಲಿ ಬೆಳೆಸಿ ನೋಡುತ್ತಾರೆ. ಸಂಶೋಧನಾ ಕೇಂದ್ರದ ಗದ್ದೆಯಲ್ಲಿ ಚೆನ್ನಾಗಿ ಬಂದದ್ದು ಮಲೆನಾಡಿನಲ್ಲೂ ಹಾಗೆಯೇ ಬರುತ್ತದೆಂದು ಹೇಳಲಾಗದು. ತಂತ್ರಾಂಶಕ್ಕೂ ಇಂಥದೇ ಪ್ರಯೋಗ ಬೇಕಾಗಿತ್ತು.

1998ರಲ್ಲಿ ಗ್ರಹಾಂ ಬಾರ್ ಮತ್ತು ಕ್ರಿಸ್ ನ್ಯಾಂಡರ್ ಅವರು 'ಸಿಪ್ಯಾನ್ ಟೆಸ್ಟರ್ಸ್' ಎಂಬ ಯೋಜನೆಯನ್ನು ಆರಂಭಿಸಿದರು. ಅವರು ಹೊಸ ಪರೀಕ್ಷೆಗಳನ್ನೇನೂ ಕಂಡುಹಿಡಿಯಲಿಲ್ಲ ಎಂಬುದನ್ನು ಗಮನಿಸಿ. ಪರ್ಲ್ ಮಾಡ್ಯೂಲ್‌ಗಳ ಜೊತೆ ಪರೀಕ್ಷೆಗಳನ್ನು ಕಳಿಸುವ ರೂಢಿ ಆಗಲೇ ಬೆಳೆದಿತ್ತು. ಮಾಡ್ಯೂಲನ್ನು ತನ್ನ ಯಂತ್ರದಲ್ಲಿ ಸ್ಥಾಪಿಸುವ ಮೊದಲು ಬಳಕೆದಾರ ಆ ಪರೀಕ್ಷೆಗಳನ್ನು ಓಡಿಸುತ್ತಿದ್ದ. ಆದರೆ ಫಲಿತಾಂಶ ಅವನ ಪರದೆಯ ಮೇಲೆ ಒಂದು ಕ್ಷಣ ಮಿನುಗಿ ಮಾಯವಾಗುತ್ತಿತ್ತು. ಬರೆದವನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಹೀಗೆ ಪೋಲಾಗುತ್ತಿದ್ದ ಮಾಹಿತಿಯನ್ನು ಕೂಡಿಡಬೇಕು ಎಂಬುದೇ ಹೊಸ ಯೋಜನೆಯ ಉದ್ದೇಶ.

ಪ್ರತಿ ವರದಿಯಲ್ಲೂ ಮಾಡ್ಯೂಲಿನ ಹೆಸರು, ಪರ್ಲ್ ಆವೃತ್ತಿ, ಯಂತ್ರದ ಕಾರ್ಯಾಚರಣಾ ವ್ಯವಸ್ಥೆ, ಪರೀಕ್ಷೆಯ ಪೂರ್ಣ ಉತ್ತರ ಇವೆಲ್ಲ ಇರುತ್ತವೆ. ಕೊನೆಗೆ ಒಂದು ದರ್ಜೆ. ದರ್ಜೆಗಳು ನಾಲ್ಕು. ಎಲ್ಲ ಪರೀಕ್ಷೆಗಳೂ ಸರಿಯಾದರೆ 'ಪಾಸ್'. ತಪ್ಪಿದರೆ 'ಫೇಲ್'. ಆ ಯಂತ್ರಕ್ಕೆ ಆ ಮಾಡ್ಯೂಲ್ ಹೊಂದುವಂಥದೇ ಅಲ್ಲದಿದ್ದರೆ 'ಅನ್ವಯಿಸದು'. ಪರೀಕ್ಷೆಗಳೇ ಇಲ್ಲದಿದ್ದರೆ ಅಥವಾ ಫಲಿತಾಂಶ ಸ್ಪಷ್ಟವಿಲ್ಲದಿದ್ದರೆ 'ತಿಳಿಯದು'. ಈ ಕೊನೆಯ ಎರಡು ದರ್ಜೆಗಳು ನನಗೆ ಬಹಳ ಮುಖ್ಯವೆನಿಸುತ್ತವೆ. ಪರೀಕ್ಷೆಯನ್ನೇ ಮಾಡದೆ ಪಾಸು ಎನ್ನುವುದು ಸುಳ್ಳು. ಸಂಬಂಧವಿಲ್ಲದ ಕಾರಣಕ್ಕೆ ನಪಾಸು ಎನ್ನುವುದು ಅನ್ಯಾಯ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೈಗೆ ಬಂದ ಅಳತೆಯನ್ನು ಬಿಟ್ಟು, ಪುಸ್ತಕದಲ್ಲಿರುವ ಉತ್ತರಕ್ಕೆ ಸರಿಯಾಗಿ ಅಂಕಿ ಬರೆದುಕೊಂಡ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಇಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕಂಡದ್ದನ್ನೇ ಬರೆಯಬೇಕು.

ಮೊದಲು ಸ್ವಯಂಸೇವಕರು ಪರೀಕ್ಷೆ ಓಡಿಸಿ, ಒಂದೊಂದಾಗಿ ಇ-ಮೇಲ್ ಮೂಲಕ ವರದಿ ಕಳಿಸುತ್ತಿದ್ದರು. ಭಂಡಾರ ಬೆಳೆದಂತೆ ಕೈಕೆಲಸ ಸಾಲದಾಯಿತು. ಹೊಸ ಮಾಡ್ಯೂಲ್ ಬಂದ ಕೂಡಲೇ ತಾವಾಗಿಯೇ ತಂದು, ಪರೀಕ್ಷಿಸಿ, ವರದಿ ಕಳಿಸುವ ಸಲಕರಣೆಗಳು ಸಿದ್ಧವಾದವು. 2006ರಲ್ಲಿ ಡೇವಿಡ್ ಗೋಲ್ಡನ್ ಅವರು ಬರೆದ 'ಸಿಪ್ಯಾನ್ ರಿಪೋರ್ಟರ್' ಬಂದ ಮೇಲೆ ಸಾಮಾನ್ಯ ಬಳಕೆದಾರನೂ ಮಾಡ್ಯೂಲ್ ಸ್ಥಾಪಿಸುವಾಗಲೇ ವರದಿ ಕಳಿಸುವಂತಾಯಿತು. ರಾತ್ರಿ ಹಗಲು ಪರೀಕ್ಷೆ ಮಾಡುವ ಇಂಥ ಯಂತ್ರಗಳಿಗೆ 'ಸ್ಮೋಕರ್' ಎಂಬ ಹೆಸರಿದೆ. ಹೊಸದಾಗಿ ಜೋಡಿಸಿದ ವಿದ್ಯುನ್ಮಾನ ಉಪಕರಣಕ್ಕೆ ಮೊದಲ ಬಾರಿ ವಿದ್ಯುತ್ ಹರಿಸಿ ಹೊಗೆ ಬರುತ್ತದೆಯೇ ಎಂದು ನೋಡುವ ಪದ್ಧತಿಯನ್ನು ಇಂಜಿನಿಯರುಗಳು 'ಹೊಗೆ ಪರೀಕ್ಷೆ' ಎನ್ನುತ್ತಾರೆ. ಹೆಸರಿನ ಹಿನ್ನೆಲೆ ಅದೇ.

ಎಲ್ಲವೂ ಸುಗಮವಾಗಿ ನಡೆಯಿತು ಎಂದುಕೊಳ್ಳಬೇಡಿ. ವರದಿಗಳು ಯಂತ್ರದ ವೇಗದಲ್ಲಿ ಬರತೊಡಗಿದಾಗ ಲೇಖಕರ ಅಂಚೆಪೆಟ್ಟಿಗೆ ತುಂಬಿಹೋಯಿತು. ಅದರಲ್ಲೂ ಕೆಲವು ವರದಿಗಳಲ್ಲಿ ತಪ್ಪು ಮಾಡ್ಯೂಲಿನದಾಗಿರಲಿಲ್ಲ. ಪರೀಕ್ಷಿಸಿದ ಯಂತ್ರದಲ್ಲಿ ಅಗತ್ಯವಾದ ಇನ್ನೊಂದು ಮಾಡ್ಯೂಲ್ ಇಲ್ಲದಿದ್ದುದೇ ಕಾರಣವಾಗಿರುತ್ತಿತ್ತು. ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವ ಲೇಖಕನಿಗೆ ಬೆಳಗಾದರೆ ಹತ್ತಾರು 'ಫೇಲ್' ಪತ್ರಗಳು ಬಂದರೆ ಮನಸ್ಸಿಗೆ ಹೇಗಾಗಬೇಡ? ಪರೀಕ್ಷಕರು ಈ ದೂರನ್ನು ತಳ್ಳಿಹಾಕಲಿಲ್ಲ. ಅಗತ್ಯ ಭಾಗಗಳು ಇಲ್ಲದಿದ್ದಾಗ ವರದಿಯನ್ನೇ ಕಳಿಸದಂತೆ ಸಲಕರಣೆಗಳನ್ನು ತಿದ್ದಿದರು. ಪತ್ರಗಳ ಬದಲು ಸಾರಾಂಶ ಮಾತ್ರ ಪಡೆಯುವ ಅನುಕೂಲ ಮಾಡಿದರು. 2010ರಲ್ಲಿ ಇ-ಮೇಲ್ ಪದ್ಧತಿಯನ್ನೇ ಬಿಟ್ಟು, ವರದಿಗಳು ನೇರವಾಗಿ ಒಂದು ದತ್ತಸಂಗ್ರಹಕ್ಕೆ ಸೇರುವ ಹೊಸ ವ್ಯವಸ್ಥೆ ಬಂತು. ಮುಂದಿನ ವರ್ಷಗಳಲ್ಲಿ ವರದಿಗಳ ಸಂಖ್ಯೆಯನ್ನು ಕೋಟಿಗಳಲ್ಲಿ ಎಣಿಸಬೇಕಾಯಿತು.

ಇಷ್ಟು ವರದಿಗಳಿಂದ ಆದ ಪ್ರಯೋಜನವೇನು? 2013ರ ಒಂದು ಪ್ರಸಂಗ ನೋಡಿ. ಪರ್ಲ್ ಭಾಷೆಯಲ್ಲಿ 'ಹ್ಯಾಶ್' ಎಂಬ ಒಂದು ಬಗೆಯ ಪಟ್ಟಿಯಿದೆ. ಚೀಲದಲ್ಲಿ ಹಾಕಿದ ಚೀಟಿಗಳಂತೆ, ಅದರೊಳಗಿನ ಅಂಶಗಳಿಗೆ ಇಂಥದೇ ಕ್ರಮ ಎಂಬುದಿಲ್ಲ. ಆದರೂ ಹಳೆಯ ಆವೃತ್ತಿಗಳಲ್ಲಿ ಒಂದೇ ಕ್ರಮವಿಧಿಯನ್ನು ಮತ್ತೆ ಮತ್ತೆ ಓಡಿಸಿದರೆ ಚೀಟಿಗಳು ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಹೊರಬರುತ್ತಿದ್ದವು. ಈ ಕ್ರಮವನ್ನು ಊಹಿಸಬಲ್ಲ ದುಷ್ಕರ್ಮಿಗಳು ಬೇಕೆಂತಲೇ ಆರಿಸಿದ ಹೆಸರುಗಳನ್ನು ಕಳಿಸಿ ಗಣಕವನ್ನು ತೆವಳುವಂತೆ ಮಾಡಬಹುದು ಎಂದು 2003ರಲ್ಲಿಯೇ ಸಂಶೋಧಕರು ತೋರಿಸಿದ್ದರು. ಆದ್ದರಿಂದ 2013ರ 5.18 ಆವೃತ್ತಿಯಲ್ಲಿ ಪ್ರತಿ ಬಾರಿಯೂ ಕ್ರಮ ಬದಲಾಗುವಂತೆ ಮಾಡಲಾಯಿತು. ಹಳೆಯ ಕ್ರಮವನ್ನೇ ನಂಬಿದ್ದ ಮಾಡ್ಯೂಲ್‌ಗಳು ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗತೊಡಗಿದವು. ಇಂಥ ದೋಷ ಒಂದು ಯಂತ್ರದಲ್ಲಿ ಒಂದು ಸಲ ಓಡಿಸಿದರೆ ಸಿಕ್ಕುವುದಿಲ್ಲ. ಹಲವರ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಬಿಡುಗಡೆಗೆ ಮೊದಲಿನ ಪ್ರಾಯೋಗಿಕ ಆವೃತ್ತಿಗಳ ಮೇಲೂ ಪರೀಕ್ಷಕರು ಮಾಡ್ಯೂಲ್‌ಗಳನ್ನು ಓಡಿಸುತ್ತಾರೆ. ಭಂಡಾರ ಕಟ್ಟಿದವರಲ್ಲಿ ಒಬ್ಬರಾದ ಆಂಡ್ರಿಯಾಸ್ ಕೋನಿಗ್ ಅವರೇ ಈ ಕೆಲಸದಲ್ಲೂ ಮುಂದಿದ್ದರು. ಪರ್ಲ್‌ನಲ್ಲಿ ಆದ ಯಾವ ಬದಲಾವಣೆಯಿಂದ ಯಾವ ಮಾಡ್ಯೂಲ್ ಕೆಟ್ಟಿತು ಎಂದು ಪತ್ತೆಮಾಡಿ ತಿಳಿಸುತ್ತಿದ್ದರು. ವರದಿಗಳಿಗೆ ಸಂಖ್ಯಾಶಾಸ್ತ್ರದ ವಿಧಾನಗಳನ್ನು ಅನ್ವಯಿಸಿ, ಸೋಲಿಗೆ ಯಾವ ಅಂಶ ಹತ್ತಿರದ ಸಂಬಂಧ ಹೊಂದಿದೆ ಎಂದು ಹುಡುಕುವ ದಾರಿಯನ್ನೂ ಮಾಡಿಕೊಟ್ಟರು.

ಇದರ ಮಿತಿಯನ್ನೂ ತಿಳಿದಿರಬೇಕು. ಲೇಖಕ ಕೇಳದ ಪ್ರಶ್ನೆಗೆ ಯಾವ ಯಂತ್ರವೂ ಉತ್ತರಿಸಲಾರದು. ಮೂರೇ ಪರೀಕ್ಷೆಗಳಿರುವ ಮಾಡ್ಯೂಲಿಗೆ ಸಾವಿರ 'ಪಾಸ್' ಬಂದರೂ ಅದು ಆ ಮೂರರ ಮಟ್ಟಿಗೆ ಮಾತ್ರ. ಅಲ್ಲದೆ, ಪರೀಕ್ಷಕರು ಅಪರಿಚಿತರು ಬರೆದ ತಂತ್ರಾಂಶವನ್ನು ತಮ್ಮ ಯಂತ್ರದಲ್ಲಿ ಓಡಿಸುವ ಅಪಾಯವನ್ನೂ, ವಿದ್ಯುತ್ತಿನ ಖರ್ಚನ್ನೂ ತಾವೇ ಹೊತ್ತವರು. ಅವರು ನಿಲ್ಲಿಸಿದರೆ ವರದಿಗಳೂ ನಿಲ್ಲುತ್ತವೆ.

ಆದರೂ ಅಧಿಕಾರಿಯ ಮುದ್ರೆಯಿಲ್ಲದ ಭಂಡಾರದಲ್ಲಿ ನಂಬಿಕೆ ಬೆಳೆದದ್ದು ಹೀಗೆಯೇ. ಒಬ್ಬ ಹೇಳಿದ್ದನ್ನು ದೂರದ ಇನ್ನೊಬ್ಬ ತನ್ನ ಸಲಕರಣೆಯಿಂದ ಮಾಡಿ ನೋಡಿ, ಬಂದ ಫಲಿತಾಂಶವನ್ನು ಬಚ್ಚಿಡದೆ ಎಲ್ಲರೆದುರು ಇಟ್ಟ. ನೀವು ಓದುವ ವಿಜ್ಞಾನ ಬೆಳೆದದ್ದೂ ಈ ದಾರಿಯಲ್ಲಿಯೇ ಅಲ್ಲವೇ?

ಮುಂದಿನ ಸಲ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಕ್ರಮವಿಧಿ ಬರೆದಾಗ ಅದನ್ನು ಗೆಳೆಯನ ಯಂತ್ರದಲ್ಲಿ ಓಡಿಸಲು ಹೇಳಿ. ಯಂತ್ರ ಯಾವುದು, ಆವೃತ್ತಿ ಯಾವುದು, ಆದದ್ದೇನು ಎಂಬ ಮೂರು ವಿಷಯಗಳನ್ನು ಅವನಿಂದ ಬರೆಸಿಕೊಳ್ಳಿ. ಅವನು 'ಫೇಲ್' ಎಂದು ಬರೆದು ತಂದರೆ ಬೇಸರಪಡಬೇಡಿ. "ನಮ್ಮಲ್ಲಿ ಚೆನ್ನಾಗಿತ್ತಲ್ಲ" ಎನ್ನುವ ಮೊದಲು ಆ ಚೀಟಿಯನ್ನು ಪೂರ್ತಿಯಾಗಿ ಓದಿ.