ಲಂಡನ್‌ನ ಹಳೇ ಕತೆಗಳು – 9: ಸ್ಪರ್ಜನ್ ಅವರ ಇನ್ನೊಂದು ಮುಖ

ಹೋದ ಸಲ ಎಲಿಫೆಂಟ್ ಅಂಡ್ ಕ್ಯಾಸಲ್‌ನ ಮೆಟ್ರೊಪಾಲಿಟನ್ ಟೇಬರ್ನ್ಯಾಕಲ್ ಬಗ್ಗೆ ಬರೆದಾಗ ಸುಮಾರು ಜನ ಸ್ಪರ್ಜನ್ ಅವರ ಬಗ್ಗೆ ಇನ್ನೂ ಬರೆ ಅಂದ್ರಿ. ಒಬ್ಬ ಅಕ್ಕ ಮಾತ್ರ ಬೇರೆ ಪ್ರಶ್ನೆ ಕೇಳಿದ್ರು. ಅವರ ಸಭೆಯ ಅಯ್ಯನವರು ಮೈಗೆ, ಮನಸ್ಸಿಗೆ ಆಗದೆ ಎರಡು ತಿಂಗಳು ರಜೆ ಹಾಕಿದ್ದಾರೆ. "ದೇವರ ಸೇವಕನಿಗೆ ಖಿನ್ನತೆ ಬರುತ್ತದಾ? ಪ್ರಾರ್ಥನೆ ಕಡಿಮೆಯಾಗಿರಬೇಕು" ಅಂತ ಜನ ಆಡಿಕೊಳ್ಳುತ್ತಿದ್ದಾರಂತೆ. ಅದಕ್ಕೆ ಈ ವಾರ ಬರೆಯಬೇಕೆಂದಿದ್ದ ಸೇತುವೆ ಕತೆ ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಊಟ ಆದ ಮೇಲೆ ಓದಿ.

ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್ ಹುಟ್ಟಿದ್ದು 1834ರ ಜೂನ್ 19ರಂದು, ಎಸೆಕ್ಸ್‌ನ ಕೆಲ್ವೆಡನ್ ಎಂಬ ಹಳ್ಳಿಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಶನ್‌ನವರು ನಮ್ಮ ಮಂಗಳೂರಿಗೆ ಬಂದಿಳಿದರು. ಕಾಲ ನೆನಪಿಟ್ಟುಕೊಳ್ಳಲು ನನಗಿದು ಒಳ್ಳೆಯ ಗುರುತು. ಹದಿನೇಳಕ್ಕೆ ಒಂದು ಹಳ್ಳಿಯ ಸಭೆಗೆ ಬೋಧಕರಾದರು. 1854ರಲ್ಲಿ, ಹತ್ತೊಂಬತ್ತರ ಹುಡುಗನಾಗಿ ಲಂಡನ್‌ನ ನ್ಯೂ ಪಾರ್ಕ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಸಭೆಗೆ ಬಂದರು. ಜನ ಎಷ್ಟು ಸೇರಿದರೆಂದರೆ ಕಟ್ಟಡ ಸಾಲದೆ ದೊಡ್ಡ ಸಭಾಂಗಣಗಳನ್ನು ಬಾಡಿಗೆಗೆ ಹಿಡಿಯಬೇಕಾಯಿತು.

ಹಾಗೆ ಬಾಡಿಗೆಗೆ ಹಿಡಿದದ್ದೇ ಸರ್ರೆ ಗಾರ್ಡನ್ಸ್ ಮ್ಯೂಸಿಕ್ ಹಾಲ್. 1856ರ ಅಕ್ಟೋಬರ್ 19, ಭಾನುವಾರ ಸಂಜೆ. ಒಳಗೆ ಸುಮಾರು ಹತ್ತು ಸಾವಿರ ಜನ, ಹೊರಗೆ ಇನ್ನೂ ಸಾವಿರಾರು. ಆರಾಧನೆ ನಡುವೆ ಯಾರೋ "ಬೆಂಕಿ!" ಅಂತ ಕೂಗಿದರು. ಬೆಂಕಿ ಎಲ್ಲೂ ಇರಲಿಲ್ಲ. ಆದರೆ ಜನ ಬಾಗಿಲಿಗೆ ನುಗ್ಗಿದರು, ಮೆಟ್ಟಿಲಿನ ಕಟಕಟೆ ಮುರಿಯಿತು. ಏಳು ಜನ ಸತ್ತರು, 28 ಜನರನ್ನು ಆಸ್ಪತ್ರೆಗೆ ಸೇರಿಸಿದರು.

ಆಗ ಸ್ಪರ್ಜನ್‌ಗೆ 22 ವರ್ಷ. ಮದುವೆಯಾಗಿ ಹತ್ತು ತಿಂಗಳೂ ತುಂಬಿರಲಿಲ್ಲ. ಮನೆಯಲ್ಲಿ ಹೆಂಡತಿ ಸುಸಾನಾ, ಒಂದು ತಿಂಗಳ ಅವಳಿ ಗಂಡುಮಕ್ಕಳು. ಅವರನ್ನು ಅಲ್ಲಿಂದ ಎತ್ತಿಕೊಂಡೇ ಹೋಗಬೇಕಾಯಿತು. ಮೇಲಿಂದ ಪತ್ರಿಕೆಗಳು ಅವರನ್ನೇ ದೂರಿದವು. ಕ್ರಾಯ್ಡನ್‌ನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿಟ್ಟು ನೋಡಿಕೊಂಡರು. ಬೈಬಲ್ ಕಂಡರೂ ಅಳು ಬರುತ್ತಿತ್ತಂತೆ. ಕೆಲವು ದಿನಗಳಾದ ಮೇಲೆ ಆ ಮನೆಯ ತೋಟದಲ್ಲಿ ನಡೆಯುತ್ತಿದ್ದಾಗ, ದೇವರು ಕ್ರಿಸ್ತನನ್ನು ಅತ್ಯುನ್ನತ ಸ್ಥಾನಕ್ಕೆ ಏರಿಸಿದನೆಂಬ ಫಿಲಿಪ್ಪಿ ಪತ್ರಿಕೆಯ ಮಾತು ನೆನಪಾಗಿ ಮನಸ್ಸು ಹಗುರವಾಯಿತು ಎಂದು ಆಮೇಲೆ ಹೇಳಿಕೊಂಡರು. ತನಗೆ ಏನೇ ಆಗಲಿ, ಕ್ರಿಸ್ತನ ಹೆಸರಿಗೆ ಕುಂದಿಲ್ಲವಲ್ಲ ಎಂಬ ಸಮಾಧಾನ. ನವೆಂಬರ್ 2ಕ್ಕೆ ಪೀಠಕ್ಕೆ ಮರಳಿ ಅದೇ ವಾಕ್ಯದ ಮೇಲೆ ಪ್ರಸಂಗ ಮಾಡಿದರು.

ಎರಡೇ ವಾರ! ನಮ್ಮಲ್ಲಿ ಈ ಕತೆ ಹೇಳುವವರು ಇಲ್ಲಿಗೆ "ದೇವರು ಗುಣಮಾಡಿದ" ಅಂತ ಮುಗಿಸಿಬಿಡುತ್ತಾರೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಜನ ಒತ್ತಾಗಿ ಸೇರಿದ್ದು ಕಂಡರೆ ವರ್ಷಗಳ ನಂತರವೂ ಅವರಿಗೆ ಎದೆ ನಡುಗುತ್ತಿತ್ತು. ಇವತ್ತಾದರೆ ಇದಕ್ಕೆ ನಮ್ಮ ವಾರ್ಡಿನಲ್ಲಿ ಒಂದು ಹೆಸರಿದೆ, ಚಿಕಿತ್ಸೆ ಇದೆ. ಆಗ ಎರಡೂ ಇರಲಿಲ್ಲ.

ಮರುವರ್ಷ, 1857ರ ಅಕ್ಟೋಬರ್ 7, ಬುಧವಾರ. ನಮ್ಮ ದೇಶದಲ್ಲಿ ನಡೆಯುತ್ತಿದ್ದ ಸಿಪಾಯಿ ದಂಗೆಯ ಕಾರಣಕ್ಕೆ ಬ್ರಿಟನ್ ಸರ್ಕಾರ ಉಪವಾಸ ಪ್ರಾರ್ಥನೆಯ ದಿನ ಘೋಷಿಸಿತ್ತು. ಅವತ್ತು ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಪರ್ಜನ್ ಪ್ರಸಂಗ ಕೇಳಲು ಸೇರಿದವರು 23,654 ಜನ. ಮೈಕ್ ಇಲ್ಲದ ಕಾಲ! ಆ ರಾತ್ರಿ ಮಲಗಿದವರು ಎದ್ದದ್ದು ಶುಕ್ರವಾರ ಬೆಳಿಗ್ಗೆ. ಸುಸಾನಾ ಆಗಾಗ ಹೋಗಿ ನೋಡಿ, ಎಬ್ಬಿಸದೆ ಬಿಟ್ಟರಂತೆ. ಆ ದೇಹ ಎಷ್ಟು ಸೋತಿತ್ತೆಂದು ಇದರಲ್ಲೇ ತಿಳಿಯುತ್ತದೆ. ಎಬ್ಬಿಸದೆ ಬಿಟ್ಟ ಸುಸಾನಾ ಒಳ್ಳೆಯ ನರ್ಸ್ ಅಂತ ನಾನಂತೂ ಹೇಳುತ್ತೇನೆ.

1861ರಲ್ಲಿ ಟೇಬರ್ನ್ಯಾಕಲ್ ತೆರೆಯಿತು. ಕೆಲಸ ಇನ್ನೂ ಹೆಚ್ಚಾಯಿತು. ಭಾನುವಾರ ಎರಡು ಪ್ರಸಂಗ. ಸೋಮವಾರ ಅದರ ಬರಹ ತಿದ್ದಿ ಅಚ್ಚಿಗೆ ಕಳಿಸುವುದು, ಸಂಜೆ ಪ್ರಾರ್ಥನಾ ಕೂಟ. ಶುಕ್ರವಾರ ಬೋಧಕರ ಕಾಲೇಜಿನ ಹುಡುಗರಿಗೆ ಪಾಠ. ಜೊತೆಗೆ ತಿಂಗಳ ಪತ್ರಿಕೆ, ಸ್ಟಾಕ್‌ವೆಲ್‌ನ ಅನಾಥಾಲಯ, ರಾಶಿ ಪತ್ರಗಳು. 1860ರ ದಶಕದ ಕೊನೆಗೆ ಗೌಟ್ ಹಿಡಿಯಿತು, ಕೈಕಾಲು ಕೀಲುಗಳಲ್ಲಿ ತಡೆಯಲಾರದ ನೋವು. ಮುಂದೆ ಮೂತ್ರಪಿಂಡದ ಕಾಯಿಲೆಯೂ ಸೇರಿತು. ಸುಸಾನಾ ಕೂಡ 1868ರ ಸುಮಾರಿಗೆ ಕಾಯಿಲೆ ಬಿದ್ದು ವರ್ಷಗಟ್ಟಲೆ ಹೆಚ್ಚಾಗಿ ಮನೆಯಲ್ಲೇ ಉಳಿದರು. ಈ ನೋವುಗಳ ಜೊತೆಗೆ, ಕಾರಣವೇ ತಿಳಿಯದ ದುಃಖ ಆಗಾಗ ಬಂದು ಕವಿಯುತ್ತಿತ್ತು.

ಅವರು ಇದನ್ನು ಮುಚ್ಚಿಡಲಿಲ್ಲ. ಕಾಲೇಜಿನ ಪಾಠಗಳು 1875ರಲ್ಲಿ ಪುಸ್ತಕವಾಗಿ ಬಂದವು. ಮೊದಲನೆಯದೇ ಬೋಧಕ ತನ್ನನ್ನು ತಾನು ಕಾಯ್ದುಕೊಳ್ಳುವ ಬಗ್ಗೆ. ಪೌಲನು ತಿಮೊಥೆಯನಿಗೆ ಮೊದಲು ನಿನ್ನ ವಿಷಯದಲ್ಲಿ, ಆಮೇಲೆ ನಿನ್ನ ಉಪದೇಶದ ವಿಷಯದಲ್ಲಿ ಎಚ್ಚರವಾಗಿರು ಎಂದ ಮಾತೇ ಅದರ ಆಧಾರ. ಪ್ರಸಂಗಕ್ಕಾಗಿ ಮಾತ್ರ ಬೈಬಲ್ ತೆರೆಯುವವನ ಆತ್ಮ ಒಣಗುತ್ತದೆ ಎನ್ನುವುದು ಅದರ ತಾತ್ಪರ್ಯ.

ಅದೇ ಪುಸ್ತಕದಲ್ಲಿ ಬೋಧಕರಿಗೆ ಬರುವ "ಮೂರ್ಛೆ"ಗಳ ಬಗ್ಗೆ ಇನ್ನೊಂದು ಪಾಠ ಇದೆ. ಮೂರ್ಛೆ ಅಂದರೆ ಮನಸ್ಸು ಕುಸಿಯುವುದು. ಕುಸಿಯುವುದು ಯಾವಾಗ? ದೊಡ್ಡ ಯಶಸ್ಸಾದ ಕೂಡಲೇ. ದೊಡ್ಡ ಕೆಲಸಕ್ಕೆ ಮೊದಲು. ಬಿಡುವಿಲ್ಲದೆ ದುಡಿಯುವಾಗ. ಒಂದೇ ಭಾರೀ ಪೆಟ್ಟು ಬಿದ್ದಾಗ, ಇಲ್ಲಿ ಅವರು ಆ ಮ್ಯೂಸಿಕ್ ಹಾಲ್ ದುರಂತವನ್ನೇ ನೆನೆಯುತ್ತಾರೆ. ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ. ಮುಚ್ಚಿದ ಕೋಣೆಯಲ್ಲಿ ಕೂತೇ ಇರುವುದು, ಗಾಳಿ ಬೆಳಕು ಇಲ್ಲದಿರುವುದು, ದೇಹದ ಕಾಯಿಲೆ ಇವೆಲ್ಲ ಸೇರುತ್ತವೆ ಅನ್ನುತ್ತಾರೆ. ನಂಬಿಕೆ ಕಡಿಮೆಯಾಗಿದ್ದಕ್ಕೆ ಹೀಗಾಯಿತು ಅಂತ ತೀರ್ಪು ಕೊಡಬೇಡಿ ಎಂಬುದೇ ಅವರ ಮಾತಿನ ಸಾರ. ರಜೆ ತೆಗೆದುಕೊಳ್ಳುವುದೂ ಕೆಲಸದ ಒಂದು ಭಾಗ, ಆಗಾಗ ಬಿಟ್ಟವನೇ ಹೆಚ್ಚು ಕಾಲ ದುಡಿಯಬಲ್ಲ ಅಂತಲೂ ಹೇಳುತ್ತಾರೆ. ಇದನ್ನು ಹೇಳಿದ್ದು ಆ ಕಾಲದ ಅತಿ ಪ್ರಸಿದ್ಧ ಬೋಧಕ, ಅದೂ ಕಲಿಯುತ್ತಿದ್ದ ಹುಡುಗರ ಎದುರಿಗೆ. ಆ ಧೈರ್ಯ ಸಣ್ಣದಲ್ಲ.

ಇನ್ನು ಅವರನ್ನು ಇಷ್ಟು ವರ್ಷ ನಿಲ್ಲಿಸಿದ್ದು ಏನು? ಪ್ರಾರ್ಥನೆ, ವಾಕ್ಯ ಖಂಡಿತ. ಆದರೆ ಸಭೆಯೂ ಹೆಗಲು ಕೊಟ್ಟಿತು. ಐದು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಒಬ್ಬರೇ ನೋಡಿಕೊಳ್ಳುವುದು ಆಗದ ಮಾತು. ಮನೆಭೇಟಿ, ಹೊಸಬರ ಜೊತೆ ಮಾತುಕತೆಗೆ ಹಿರಿಯರನ್ನು ನೇಮಿಸಿದರು. ಹಣ, ಕಟ್ಟಡದ ಚಿಂತೆ ಡೀಕನ್‌ಗಳಿಗೆ. 1868ರಲ್ಲಿ ತಮ್ಮ ಜೇಮ್ಸ್ ಸಹಾಯಕ್ಕೆ ಬಂದರು. ವಿಮೋಚನಕಾಂಡ 18ರಲ್ಲಿ ಮಾವ ಇತ್ರೋ ಮೋಶೆಗೆ ಹೇಳಿದ್ದೂ ಇದನ್ನೇ ಅಲ್ವಾ, ನೀನೊಬ್ಬನೇ ಹೊತ್ತರೆ ನೀನೂ ಸೋಲುತ್ತೀಯ, ಜನರೂ ಸೋಲುತ್ತಾರೆ ಅಂತ. 1870ರ ದಶಕದಿಂದ ಚಳಿಗಾಲ ಬಂದರೆ ಫ್ರಾನ್ಸ್‌ನ ಮೆಂಟನ್ ಎಂಬ ಕಡಲೂರಿಗೆ ಹೋಗಿ ವಾರಗಟ್ಟಲೆ ಬಿಸಿಲು ಕಾಯುತ್ತಿದ್ದರು. ಪೀಠದಲ್ಲಿ ಬೇರೆಯವರು ನಿಂತರು, ಸಭೆ ಮುರಿದುಬೀಳಲಿಲ್ಲ.

ಸುಸಾನಾ ಅವರನ್ನೂ ಮರೆಯಬಾರದು. ತಾವೇ ಹಾಸಿಗೆ ಹಿಡಿದಿದ್ದರೂ 1875ರಲ್ಲಿ ಬಡ ಬೋಧಕರಿಗೆ ಪುಸ್ತಕ ಕಳಿಸುವ ನಿಧಿ ಶುರುಮಾಡಿದರು. ಮೊದಲು ಕಳಿಸಿದ್ದು ಮೇಲೆ ಹೇಳಿದ ಪುಸ್ತಕದ ನೂರು ಪ್ರತಿ. ಅವರು ತೀರಿಕೊಳ್ಳುವ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಪುಸ್ತಕ ಹೋಗಿತ್ತು. ಹಳ್ಳಿಯಲ್ಲಿ ಒಂಟಿಯಾಗಿ ದುಡಿಯುವ ಬೋಧಕನಿಗೆ ಅಂಚೆಯಲ್ಲಿ ಒಂದು ಕಟ್ಟು ಬಂದರೆ, ನನ್ನನ್ನೂ ಯಾರೋ ನೆನೆಯುತ್ತಾರೆ ಅನ್ನುವ ಧೈರ್ಯ ಬಂದಿರಬೇಕು.

ಆದರೂ ಸ್ಪರ್ಜನ್ ತಾವು ಹೇಳಿದ್ದನ್ನು ತಾವೇ ಪೂರ್ತಿ ಪಾಲಿಸಲಿಲ್ಲ. 1887ರಲ್ಲಿ ಬೋಧನೆ ಸಡಿಲಾಗುತ್ತಿದೆ ಎಂಬ ದೊಡ್ಡ ವಾದದಲ್ಲಿ ಬ್ಯಾಪ್ಟಿಸ್ಟ್ ಯೂನಿಯನ್ ಬಿಟ್ಟರು. ಹಳೇ ಸ್ನೇಹಿತರು, ಅವರೇ ಓದಿಸಿದ ಕೆಲವರೂ ದೂರವಾದರು. ವಾದದಲ್ಲಿ ಯಾರದು ಸರಿ ಅನ್ನುವುದು ಬೇರೆ ಮಾತು. ಆ ಗಾಯ ಮಾತ್ರ ಮಾಯಲಿಲ್ಲ. 1891ರ ಜೂನ್ 7ರಂದು ಟೇಬರ್ನ್ಯಾಕಲ್‌ನಲ್ಲಿ ಕೊನೆಯ ಪ್ರಸಂಗ. ವಿಶ್ರಾಂತಿಗೆಂದು ಹೋದ ಮೆಂಟನ್‌ನಲ್ಲೂ ಮತ್ತಾಯನ ಸುವಾರ್ತೆಗೆ ವ್ಯಾಖ್ಯಾನ ಬರೆಯುತ್ತಿದ್ದರು, ಅದು ಮುಗಿಯಲಿಲ್ಲ. 1892ರ ಜನವರಿ 31ರಂದು ಅಲ್ಲೇ ತೀರಿಕೊಂಡರು. ವಯಸ್ಸು 57.

ನರ್ಸ್‌ಗಳಿಗೆ ಒಂದು ವಿಶೇಷ ಹೇಳಲೇಬೇಕು. ಆ ಸರ್ರೆ ಗಾರ್ಡನ್ಸ್ ಹಾಲ್ 1861ರಲ್ಲಿ ನಿಜವಾಗಿಯೇ ಬೆಂಕಿಗೆ ಸಿಕ್ಕಿತು. ಮತ್ತೆ ಕಟ್ಟಿದ ಮೇಲೆ, ರೈಲಿಗೆ ಜಾಗ ಬಿಟ್ಟುಕೊಟ್ಟ ಸೇಂಟ್ ಥಾಮಸ್ ಆಸ್ಪತ್ರೆ 1862ರಲ್ಲಿ ಅಲ್ಲಿಗೆ ಬಂತು. 1871ರಲ್ಲಿ ಲ್ಯಾಂಬೆತ್‌ನ ಈಗಿನ ಜಾಗಕ್ಕೆ ಹೋಗುವವರೆಗೆ ಫ್ಲಾರೆನ್ಸ್ ನೈಟಿಂಗೇಲ್ ಶಾಲೆಯ ಹುಡುಗಿಯರು ಕೆಲಸ ಕಲಿತದ್ದು ಅಲ್ಲೇ. ಏಳು ಜನ ಸತ್ತ ಜಾಗದಲ್ಲಿ ರೋಗಿಗಳ ಆರೈಕೆ ನಡೆಯಿತು. ಈಗ ಅಲ್ಲಿ ಉಳಿದಿರುವುದು ಪಾಸ್ಲಿ ಪಾರ್ಕ್ ಎಂಬ ಸಣ್ಣ ಉದ್ಯಾನ.

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ: ಬರುತ್ತದೆ. ಎಲೀಯನಿಗೂ ಬಂದಿತ್ತು. ಸಾಕು, ಪ್ರಾಣ ತೆಗೆದುಕೋ ಎಂದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ನಿಮ್ಮ ಅಯ್ಯನವರು ಡಾಕ್ಟರ್ ಹತ್ತಿರ ಹೋಗಿದ್ದರೆ ಒಳ್ಳೆಯದಾಯಿತು. ಔಷಧಿ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸುವುದು ಬೇಡ. ಸಭೆಯವರು ಈ ಎರಡು ತಿಂಗಳು ಭಾನುವಾರ ಶಾಲೆ, ಮನೆಭೇಟಿ, ಪ್ರಾರ್ಥನಾ ಕೂಟಗಳನ್ನು ಹಂಚಿಕೊಳ್ಳಿ. ಯಾವಾಗ ಬರುತ್ತೀರಿ ಅಂತ ದಿನಾ ಫೋನ್ ಮಾಡಬೇಡಿ. ಅಮ್ಮನವರಿಗೆ ಒಂದು ಹೊತ್ತಿನ ಅಡುಗೆ ಕಳಿಸಿ, ಮಕ್ಕಳನ್ನು ಒಂದು ಸಂಜೆ ನೋಡಿಕೊಳ್ಳಿ. ಅವರು ಮರಳಿ ಬಂದ ಮೇಲೂ ಹಂಚಿಕೊಂಡ ಕೆಲಸವನ್ನು ಪೂರ್ತಿ ಅವರ ತಲೆಗೇ ಕಟ್ಟಬೇಡಿ.

ಮುಂದಿನ ಭಾಗದಲ್ಲಿ ಬಾಕಿ ಇರುವ ಸೇತುವೆ ಕತೆ. ರಾತ್ರಿ ಪಾಳಿ ಮುಗಿದ ಮೇಲೆ ಬರೆಯುತ್ತೇನೆ.