ಗೋಕಾಕ ಸೀಮೆಯ ಮುಸಲ್ಮಾನ ಸಮಾಜ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯು ದಖ್ಖನದ ಸುಲ್ತಾನರ ಕಾಲದಲ್ಲಿ ರಾಜಧಾನಿಯ ವೈಭವವನ್ನು ಕಂಡುದಲ್ಲ. ಆದರೆ ಬಿಜಾಪುರದ ಗೋಳಗುಮ್ಮಟವನ್ನು ನೋಡಿ ಆದಿಲಶಾಹಿಯನ್ನು ಅರಿತೆವೆಂದು ಭಾವಿಸುವವರ ಕಣ್ಣಿಗೆ ಬೀಳದ ಸಂಗತಿಯೊಂದು, ಎಂದರೆ ಅರಸೊತ್ತಿಗೆಗಳು ಅಳಿದ ತರುವಾಯವೂ ಕನ್ನಡ ಗ್ರಾಮಗಳಲ್ಲಿ ಬೇರೂರಿ ನಿಂತ ಮುಸಲ್ಮಾನ ಜೀವನ, ಇಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

1347ರಲ್ಲಿ ಕಲಬುರ್ಗಿಯಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ವಜೀರನಾದ ಮಹಮೂದ ಗವಾನನು 1472ರ ಸುಮಾರಿಗೆ ಬೆಳಗಾವಿಯ ಕೋಟೆಯನ್ನು ಗೆದ್ದನು. ಆ ರಾಜ್ಯ ಒಡೆದಾಗ ಈ ಪ್ರಾಂತವು ಬಿಜಾಪುರದ ಆದಿಲಶಾಹಿಗೆ ಸೇರಿತು. ಬೆಳಗಾವಿಯನ್ನು ಬಹುಕಾಲ ಆಳಿ 1549ರಲ್ಲಿ ಮಡಿದ ಅಸದಖಾನ ಲಾರಿಯು ಕಟ್ಟಿಸಿದ ಸಫಾ ಮಸೀದಿಯೂ ಹುಕ್ಕೇರಿಯ ಗುಮ್ಮಟಗಳೂ ಆ ಕಾಲದ ಸ್ಮಾರಕಗಳು. ಇವಕ್ಕಿಂತ ದೂರಗಾಮಿಯಾದುದು, ನನ್ನ ಎಣಿಕೆಯಲ್ಲಿ, ಬಿಜಾಪುರದ ಸುಲ್ತಾನನಾದ ಒಂದನೆಯ ಇಬ್ರಾಹಿಮನ (1534–58) ಒಂದು ನಿರ್ಣಯ: ಆತನು ಪರದೇಶೀಯ ಸರದಾರರಲ್ಲಿ ಹಲವರನ್ನು ಸೇವೆಯಿಂದ ಬಿಡಿಸಿ, ಕಂದಾಯದ ಲೆಕ್ಕಗಳನ್ನು ಪಾರಸಿಗೆ ಬದಲಾಗಿ ದೇಶಭಾಷೆಯಲ್ಲಿ ಬರೆಯಿಸತೊಡಗಿದುದರಿಂದ ದಫ್ತರಗಳು ಬ್ರಾಹ್ಮಣ ಕರಣಿಕರ ಕೈಸೇರಿದವು. ಸಿಂಹಾಸನ ಮುಸಲ್ಮಾನರದು, ಲೇಖನಿ ಸ್ಥಳೀಯರದು ಎಂಬ ಈ ಏರ್ಪಾಡು ಬಲವಾಗಿ ನೆಲೆಗೊಂಡಿತು.

1686ರಲ್ಲಿ ಔರಂಗಜೇಬನು ಬಿಜಾಪುರವನ್ನು ವಶಪಡಿಸಿಕೊಂಡನು. 1717ರಿಂದ 1754ರ ವರೆಗೆ ಗೋಕಾಕವು ಸವಣೂರಿನ ಪಠಾಣ ನವಾಬರ ಅಧೀನದಲ್ಲಿದ್ದು, ಊರೊಳಗಿನ ಮಸೀದಿಯನ್ನು ಅವರೇ ಕಟ್ಟಿಸಿದರು. ಮುಂದೆ ಮರಾಠ ಸರದಾರರಾದ ಪಟವರ್ಧನರಿಗೆ ಸೇರಿದ ಈ ತಾಲೂಕು 1836ರಲ್ಲಿ ವಾರಸುದಾರರಿಲ್ಲದೆ ಇಂಗ್ಲಿಷರ ಪಾಲಾಯಿತು.

ಅರಸರ ಕಥೆ ಇಷ್ಟೇ. ಜನರ ಕಥೆ ಇದಕ್ಕಿಂತ ಸಮೃದ್ಧವಾದುದು. ಈ ಭಾಗದ ಮುಸಲ್ಮಾನರ ಅಡ್ಡಹೆಸರುಗಳನ್ನು ಕೇಳಿದರೆ ಒಂದು ಪೇಟೆಯೇ ಕಣ್ಣೆದುರು ತೆರೆದಂತಾಗುತ್ತದೆ: ಹತ್ತಿ ಹಿಂಜುವ ನದಾಫರು, ಕಾಯಿಪಲ್ಯ ಹಣ್ಣು ಮಾರುವ ಬಾಗವಾನರು, ಅತ್ತರು ಮಾರುವ ಅತ್ತಾರರು, ಎಲೆ ಅಡಿಕೆಯ ತಾಂಬೋಳಿಗಳು, ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರರು, ದರ್ಗಾಗಳನ್ನು ನೋಡಿಕೊಳ್ಳುವ ಮುಜಾವರರು. ಮುಲ್ಲಾನಾದರೋ ಕೇವಲ ತನ್ನ ಮತದವರ ಪುರೋಹಿತನಾಗಿರದೆ, ಹಲವೆಡೆ ಊರಿನ ಸೇವೆಗೆ ಕಾಳಿನ ಪಾಲು ಪಡೆಯುವ ಆಯಗಾರರ ಸಾಲಿನಲ್ಲಿ ನಿಂತು, ಮಾಂಸಾಹಾರಿಗಳಾದ ಹಿಂದೂ ಒಕ್ಕಲಿಗೂ ಕುರಿ ಕೊಯ್ದುಕೊಟ್ಟು, ಸುಗ್ಗಿಯಲ್ಲಿ ಕಣದಿಂದ ತನ್ನ ಆಯದ ಕಾಳನ್ನು ಒಯ್ಯುತ್ತಿದ್ದನು.

ಮೊಹರಮ್ಮಿನ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು. 680ರಲ್ಲಿ ಕರ್ಬಲದಲ್ಲಿ ಮಡಿದ ಹುಸೇನರ ಸ್ಮರಣೆಯ ಈ ದಿನಗಳಲ್ಲಿ ಹಸ್ತದ ಆಕಾರದ ಪಂಜಾಗಳನ್ನು ಸ್ಥಾಪಿಸಿ, ಅಲಾಯಿ ಕುಣಿಯಲ್ಲಿ ಬೆಂಕಿ ಹಾಕಿ, ಕನ್ನಡದಲ್ಲಿ ರಿವಾಯತ್ ಎಂಬ ಮೊಹರಮ್ ಪದಗಳನ್ನು ಹಾಡುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ಉಂಟು. ಬಿಜಾಪುರದ ಅರಸರಲ್ಲಿ ಕೆಲವರು ಶಿಯಾ ಪಂಥದವರಾಗಿದ್ದುದೇ ಇದಕ್ಕೆ ಮೂಲವೆಂಬ ವಾದ ಅರ್ಧಸತ್ಯವೆಂದೇ ತೋರುತ್ತದೆ. ಏಕೆಂದರೆ ಇಲ್ಲಿಯ ಮುಸಲ್ಮಾನರು ಬಹುತೇಕ ಸುನ್ನಿಗಳು, ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿಯೂ ಹರಕೆ ಹೊತ್ತು ಸಕ್ಕರೆ ಓದಿಸುವವರಲ್ಲಿಯೂ ಹಿಂದೂಗಳು ಅನೇಕರು, ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿ ಕೂಡ ಪಂಜಾಗಳು ಏಳುತ್ತವೆ. ಆಸ್ಥಾನದ ಮತವು ಅರಸನೊಡನೆ ಬದಲಾಗುತ್ತಿದ್ದಿತು; ಒಕ್ಕಲಿಗನ ಹರಕೆಗೆ ಆ ಬದಲಾವಣೆಯ ಗೊಡವೆಯಿರಲಿಲ್ಲ. ಇಂಥದೇ ಬೆರಕೆ ಹಾಡಿನಲ್ಲಿಯೂ ಉಂಟು: ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಮುಸಲ್ಮಾನ ಸಂತಕವಿ ಶಿಶುನಾಳ ಶರೀಫರು (1819–89) ಧಾರವಾಡದ ಕಡೆಯವರಾದರೂ ಅವರ ಪದಗಳು ಇಲ್ಲಿಯ ಭಜನಾಮೇಳಗಳಿಗೆ ಪರಕೀಯವಲ್ಲ.

ಮತ್ತೆ ಕಸುಬುಗಳ ಕಡೆಗೆ ಬಂದರೆ, 1885ರಲ್ಲಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ಸ್ಥಾಪಿತವಾಯಿತು. ಗಿರಣಿಯ ನೂಲು ಎಲ್ಲೆಡೆ ಹರಡಿ ಮನೆಯ ರಾಟೆಗಳು ನಿಂತಂತೆ, ಅವಕ್ಕೆ ಹತ್ತಿ ಹಿಂಜಿಕೊಡುತ್ತಿದ್ದ ನದಾಫರ ಪಾಲಿಗೆ ಗಾದಿ ದಿಂಬು ತುಂಬುವ ಕೆಲಸವೇ ಮುಖ್ಯವಾಗಿ ಉಳಿಯಿತು.