ನೆಂಟರಿಗೆ ಪುಣೆ ತೋರಿಸುವ ಮೊದಲು

ಬೇಸಿಗೆಯ ರಜೆ ಬಂತೆಂದರೆ, ದೀಪಾವಳಿ ಹತ್ತಿರವಾಯಿತೆಂದರೆ, ಪುಣೆಯ ಕನ್ನಡ ಮನೆಗಳಿಗೆ ಊರಿನಿಂದ ನೆಂಟರು ಬರುವುದು ವಾಡಿಕೆ. ಬಂದವರು ಎರಡನೆಯ ದಿನವೇ ಕೇಳುವ ಪ್ರಶ್ನೆಯೂ ಒಂದೇ: "ನಿಮ್ಮ ಪುಣೆಯೊಳಗ ನೋಡೂವಂಥಾದ್ದು ಏನೇನದ?" ನಾವೂ ಬೆರಳು ಮಡಚುತ್ತ ಪಾಠ ಒಪ್ಪಿಸಿದಂತೆ ಹೇಳುತ್ತೇವೆ: ಶನಿವಾರವಾಡಾ, ಪರ್ವತಿ, ಸಿಂಹಗಡ, ಆಗಾಖಾನ್ ಅರಮನೆ, ಕೇಳಕರ ವಸ್ತುಸಂಗ್ರಹಾಲಯ, ದಗಡೂಶೇಟ್ ಗಣಪತಿ. ಒಂದು ಭಾನುವಾರ ಇವುಗಳಲ್ಲಿ ನಾಲ್ಕನ್ನು ಅವಸರದಲ್ಲಿ ಸುತ್ತಿ, ತುಳಸಿಬಾಗಿನಲ್ಲಿ ಖರೀದಿ ಮುಗಿಸಿ, ಕೊಂಢವಾಕ್ಕೆ ಮರಳುವಷ್ಟರಲ್ಲಿ ಎಲ್ಲರ ಕಾಲೂ ಸೋತಿರುತ್ತವೆ. ನೋಡಿದ್ದೇನು ಎಂದು ಮರುದಿನ ಕೇಳಿದರೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.

ನಮ್ಮ ಮಕ್ಕಳು ಎದುರಿಸುವ ಪ್ರಶ್ನೆ ಬೇರೆಯದು. ಶಾಲೆಯಲ್ಲಿ, ಆಟದ ಬಯಲಿನಲ್ಲಿ, "ತುಮ್ಹೀ ಮೂಳಚೇ ಕುಠಲೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಭಾವನೆ ಇರುವುದಿಲ್ಲ. ಆದರೂ ಇಲ್ಲಿಯೇ ಹುಟ್ಟಿ ಬೆಳೆದ ಮಗು, ಎಂದೋ ಒಮ್ಮೆ ಕಂಡ ಅಜ್ಜನ ಊರಿನ ಹೆಸರು ಹೇಳಿ ಸುಮ್ಮನಾಗುತ್ತದೆ. ಇದು ನಮ್ಮ ಊರಲ್ಲವೇನೋ ಎಂಬ ಸಣ್ಣ ಅಳುಕು ಅದರ ಮನಸ್ಸಿನಲ್ಲಿ ಉಳಿಯುತ್ತದೆ. ನೆಂಟರ ಪ್ರಶ್ನೆಗೂ ಮಗುವಿನ ಅಳುಕಿಗೂ ಉತ್ತರ ಒಂದೇ ಕಡೆ ಇದೆ. ಪುಣೆಯ ಪ್ರೇಕ್ಷಣೀಯ ಸ್ಥಳಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಅದು ದೊರೆಯುತ್ತದೆ.

ನಾವು ಇತಿಹಾಸದ ಪಂಡಿತರಲ್ಲ. ಓದಿದ್ದು ವಿಜ್ಞಾನ, ಮಾಡುತ್ತಿರುವುದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಕಾಗದಪತ್ರ ಇಲ್ಲದೆ ಕಡತ ಮುಂದೆ ಸಾಗದೆಂಬ ಅಭ್ಯಾಸ ಮೈಗೂಡಿದೆ. ಆದ್ದರಿಂದ ದಂತಕಥೆಗಳನ್ನು ಬದಿಗಿಟ್ಟು, ಕಲ್ಲಿನಲ್ಲಿಯೋ ತಾಮ್ರದಲ್ಲಿಯೋ ಕಾಗದದಲ್ಲಿಯೋ ಆಧಾರವಿರುವ ಸಂಗತಿಗಳನ್ನಷ್ಟೇ ವಾಚಕರ ಮುಂದಿಡುತ್ತೇವೆ.

ನಾವಿರುವ ಜಾಗದಿಂದಲೇ ಆರಂಭಿಸೋಣ. ಕೊಂಢವಾ ಎಂಬುದು ಒಂದು ಹಳ್ಳಿಯಲ್ಲ, ಎರಡು: ಕೊಂಢವಾ ಖುರ್ದ ಮತ್ತು ಕೊಂಢವಾ ಬುದ್ರುಕ. ಖುರ್ದ ಎಂದರೆ ಚಿಕ್ಕದು, ಬುದ್ರುಕ ಎಂದರೆ ದೊಡ್ಡದು. ಎರಡೂ ಪಾರ್ಸಿ ಭಾಷೆಯಿಂದ ಬಂದು ಕಂದಾಯದ ದಫ್ತರಗಳಲ್ಲಿ ನೆಲೆನಿಂತ ಮಾತುಗಳು. ಬೆಳಗಾವಿಯ ಕಡೆಯವರಿಗೆ ಇದು ಹೊಸದೇನಲ್ಲ. ಅಲ್ಲಿಯ ಕಂಗ್ರಾಳಿ ಕೆ.ಎಚ್., ಕಂಗ್ರಾಳಿ ಬಿ.ಕೆ. ಎಂಬ ಊರುಗಳ ಬಾಲದಲ್ಲಿರುವ ಅಕ್ಷರಗಳು ಇವೇ ಖುರ್ದ, ಬುದ್ರುಕ. ಖಡಿ ಮಷಿನ್ ಚೌಕದ ಹೆಸರನ್ನು ಬಿಡಿಸಿ ಹೇಳುವ ಅಗತ್ಯವೂ ಹುಬ್ಬಳ್ಳಿ-ಧಾರವಾಡದವರಿಗಿಲ್ಲ; ಜಲ್ಲಿಕಲ್ಲಿಗೆ ಅವರೂ ಖಡಿ ಎಂದೇ ಅನ್ನುತ್ತಾರೆ. 1997ರಲ್ಲಿ ಈ ಹಳ್ಳಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ಇಲ್ಲಿಂದ ನಗರದ ಕಡೆಗೆ ಹೊರಟರೆ ಮೊದಲು ಸಿಗುವುದು ವಾನವಡಿ. 1794ರ ಫೆಬ್ರವರಿ 12ರಂದು ಅಲ್ಲಿ ತೀರಿಕೊಂಡ ಮಹಾದಜಿ ಶಿಂದೆಯವರ ಛತ್ರಿ ನೋಡತಕ್ಕ ಕಟ್ಟಡ. ನೆಂಟರಿಗೆ ತೋರಿಸಲು ಮನೆಗೆ ಇಷ್ಟು ಹತ್ತಿರ ಬೇರೊಂದಿಲ್ಲ.

ಇನ್ನು ನಗರದ ಒಳಗೆ ಹೋಗೋಣ. ಡೆಕ್ಕನ್ ಜಿಮಖಾನಾದಿಂದ ಶಿವಾಜಿನಗರಕ್ಕೆ ಹೋಗುವ ಜಂಗಲಿ ಮಹಾರಾಜ ರಸ್ತೆಯ ಬದಿಯಲ್ಲಿ ಪಾತಾಳೇಶ್ವರ ಗುಡಿಯಿದೆ. ಇದನ್ನು ಕಲ್ಲು ಪೇರಿಸಿ ಕಟ್ಟಿದ್ದಲ್ಲ. ಬಂಡೆಯನ್ನು ಮೇಲಿಂದ ಕೆಳಗೆ ಕಡೆದು ಮಾಡಿದ್ದು. ಅಂಗಳದಲ್ಲಿ ಕೊಡೆಯಂತೆ ದುಂಡಗಿನ ನಂದಿಮಂಟಪ, ಒಳಗೆ ದಪ್ಪ ಕಂಬಗಳ ಸಾಲು, ನಡುವೆ ಶಿವಲಿಂಗ. ಕೆಲಸ ಪೂರ್ತಿಯಾಗದೆ ನಿಂತದ್ದು ಕೆಲವೆಡೆ ಬರಿಗಣ್ಣಿಗೇ ಕಾಣುತ್ತದೆ. ಇದು ಎಂಟನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಗುಡಿ. ಆ ವಂಶದ ಒಂದನೆಯ ಕೃಷ್ಣನ ಕಾಲದ, ಕ್ರಿ.ಶ. 758 ಮತ್ತು 768ರ ತಾಮ್ರಪಟಗಳಲ್ಲಿ 'ಪುಣ್ಯವಿಷಯ', 'ಪುನಕವಿಷಯ' ಎಂಬ ಹೆಸರುಗಳಿವೆ. ಆಗ ವಿಷಯವೆಂದರೆ ಒಂದು ಸೀಮೆ, ಈಗಿನ ಜಿಲ್ಲೆಯ ಹಾಗೆ. ಪುಣೆಯ ಹೆಸರಿಗೆ ದೊರೆತಿರುವ ಅತ್ಯಂತ ಹಳೆಯ ಆಧಾರಗಳಲ್ಲಿ ಇವು ಸೇರಿವೆ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದವನೂ ಇದೇ ಕೃಷ್ಣ. ಮುಂದೆ ಇದೇ ವಂಶದ ಅಮೋಘವರ್ಷ ನೃಪತುಂಗನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ. ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಹೇಳಿದೆ. ಗೋದಾವರಿ ಪುಣೆಗೆ ಉತ್ತರದಲ್ಲಿ ಹರಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ವಿಧಿಯಿಲ್ಲ. ಇದನ್ನು ತಿಳಿದು ನಾವು ಯಾರ ಜಾಗಕ್ಕೂ ಹಕ್ಕು ಹೂಡಬೇಕಾಗಿಲ್ಲ. ರಾಷ್ಟ್ರಕೂಟರ ಇತಿಹಾಸ ಮಹಾರಾಷ್ಟ್ರದ ಇತಿಹಾಸವೂ ಹೌದು. ಗಡಿಗಳು ಆಗಾಗ ಬದಲಾಗಿವೆ. ಮಾಡಿಟ್ಟ ಕೆಲಸ ಮಾತ್ರ ಇದ್ದಲ್ಲಿಯೇ ಇದೆ.

ಕೆಲಸ ಉಳಿಯುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಬೇಕಾದವರು ಲೋಣಾವಳೆಯ ಕಡೆಗೆ ಸುಮಾರು 60 ಕಿಲೋಮೀಟರು ಹೋಗಿ, ಕಾರ್ಲೆಯ ಗುಹೆಗಳನ್ನು ಹತ್ತಿ ನೋಡಬೇಕು. ಏಕವೀರಾ ದೇವಿಯ ಗುಡಿಯ ಬೆನ್ನಿಗಿರುವ ಬೌದ್ಧ ಚೈತ್ಯವು ನಮ್ಮ ದೇಶದ ಕಲ್ಲಿನಲ್ಲಿ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮರದ ಕಮಾನುಗಳು ಅದರ ಚಾವಣಿಯಲ್ಲಿ ಇಂದಿಗೂ ಇವೆ. ಮೊಗಸಾಲೆಯ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಒಂದು ಶಾಸನವಿದೆ. ಜಂಬೂದ್ವೀಪದಲ್ಲಿಯೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ನಿಲ್ಲಿಸಿದವನು ವೈಜಯಂತಿಯ ಭೂತಪಾಲ ಶೆಟ್ಟಿ ಎಂಬುದು ಅದರ ತಾತ್ಪರ್ಯ. ವೈಜಯಂತಿಯೆಂದರೆ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರು ಅದನ್ನು ರಾಜಧಾನಿ ಮಾಡಿಕೊಳ್ಳುವುದಕ್ಕೂ ಮೊದಲಿನ ಮಾತು ಇದು. ಬನವಾಸಿಯ ವ್ಯಾಪಾರಿಯೊಬ್ಬ ಘಟ್ಟದ ದಾರಿಯ ಈ ಬೆಟ್ಟದಲ್ಲಿ ತನ್ನ ಗಳಿಕೆಯನ್ನು ಸುರಿದು, ಊರಿನ ಹೆಸರನ್ನು ಕಲ್ಲಿನಲ್ಲಿ ಬರೆಸಿ ಹೋಗಿದ್ದಾನೆ. ಹೊಟ್ಟೆಪಾಡಿಗೆ ಪರವೂರಿಗೆ ಬಂದ ನಮ್ಮಂಥವರಿಗೆ ಇವನಿಗಿಂತ ಹಿರಿಯ ಬಂಧು ಯಾರು?

ಪಂಢರಪುರದ ವಿಠ್ಠಲನ ಬಾಂಧವ್ಯವೂ ಇಂಥದೇ. ಆಳಂದಿಯಲ್ಲಿ 1296ರಲ್ಲಿ ಸಮಾಧಿಸ್ಥರಾದ ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕಾನಡಿಗ, ಕರ್ನಾಟಕದವನು ಎಂದು ಕರೆಯುತ್ತದೆ. ಆಷಾಢದ ವಾರಿಯಲ್ಲಿ ಅವರ ಪಾಲಕಿ ಪುಣೆಯಲ್ಲಿ ತಂಗಿ, ನಮ್ಮ ನೆರೆಯ ಹಡಪಸರವನ್ನು ಹಾಯ್ದು ದಿವೆ ಘಾಟಿನತ್ತ ಸಾಗುತ್ತದೆ. ಆ ದಿನಗಳಲ್ಲಿ ನೆಂಟರು ಬಂದಿದ್ದರೆ ಬೇರೇನನ್ನೂ ತೋರಿಸುವ ಅಗತ್ಯವಿಲ್ಲ.

ಹಳೆಯ ಪೇಠೆಗಳಿಗೆ ಹೋಗುವುದು ಈಗ ಮೊದಲಿನಷ್ಟು ತ್ರಾಸವಲ್ಲ. 2024ರಿಂದ ಸ್ವಾರಗೇಟಿನಲ್ಲಿ ನೆಲದಡಿಯ ಮೆಟ್ರೋ ಹತ್ತಿದರೆ ಕಸಬಾ ಪೇಠೆಯಲ್ಲಿ ಇಳಿಯಬಹುದು. ಅಲ್ಲಿಯ ಲಾಲ್ ಮಹಲ್ ಶಿವಾಜಿ ಮಹಾರಾಜರು ಬಾಲ್ಯ ಕಳೆದ ಜಾಗ. 1663ರ ಏಪ್ರಿಲ್ ತಿಂಗಳ ಒಂದು ರಾತ್ರಿ ಶಾಯಿಸ್ತೆಖಾನನ ಮೇಲೆ ಅವರು ಎರಗಿದ್ದೂ ಇಲ್ಲಿಯೇ. ಈಗ ಕಾಣುವ ಕಟ್ಟಡ ಮಾತ್ರ ನಗರಪಾಲಿಕೆ 1980ರ ದಶಕದಲ್ಲಿ ಕಟ್ಟಿಸಿದ್ದು. ಮಗ ತಾಯಿ ಜೀಜಾಬಾಯಿಯೊಡನೆ ಪುಣೆಯಲ್ಲಿದ್ದಾಗ ತಂದೆ ಶಹಾಜಿ ಎಲ್ಲಿದ್ದರು? ಬೆಂಗಳೂರಿನಲ್ಲಿ. 1638ರಲ್ಲಿ ಬಿಜಾಪುರದ ಸೇನೆ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಿಗೆ ಸೇರಿತು. ಪುಣೆಯ ಜಹಗೀರು ಅವರಿಗೆ ಮೊದಲೇ ಇತ್ತು. ಇಂದು ಕಂಪ್ಯೂಟರ್ ಕೆಲಸಕ್ಕಾಗಿ ನಮ್ಮ ಹುಡುಗರು ಹೋಗಿಬಂದು ಮಾಡುವ ಈ ಎರಡು ಮಹಾನಗರಗಳು ಒಮ್ಮೆ ಒಬ್ಬನೇ ಸರದಾರನ ಜಹಗೀರುಗಳಾಗಿದ್ದವು. ಶಹಾಜಿ 1664ರಲ್ಲಿ ತೀರಿಕೊಂಡದ್ದು ಇಂದಿನ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ. ಸಮಾಧಿಯೂ ಅಲ್ಲಿಯೇ ಇದೆ.

ಅಲ್ಲಿಂದ ಕೂಗಳತೆಯಲ್ಲಿ ಶನಿವಾರವಾಡಾ. ಒಂದನೆಯ ಬಾಜೀರಾಯರು 1730ರ ಜನವರಿ 10ರಂದು, ಶನಿವಾರ, ಅದಕ್ಕೆ ಅಡಿಗಲ್ಲು ಹಾಕಿದರು. 1828ರ ಬೆಂಕಿಯಲ್ಲಿ ಮರದ ಮಹಡಿಗಳೆಲ್ಲ ಸುಟ್ಟು, ಕೋಟೆಗೋಡೆ, ಬಾಗಿಲುಗಳು, ಕಾರಂಜಿಯ ಕುಣಿ, ಅಡಿಪಾಯಗಳು ಉಳಿದವು. ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆಯ ಕಬ್ಬಿಣದ ಮುಳ್ಳುಗಳು ಆನೆಗಳನ್ನು ತಡೆಯಲು ಬಡಿದವು ಎಂದು ಮಕ್ಕಳಿಗೆ ಹೇಳಿದರೆ ಅವರು ಕಣ್ಣರಳಿಸುತ್ತಾರೆ. ಆದರೆ ಪೇಶವೆಯರ ದಂಡುಗಳು ದಕ್ಷಿಣಕ್ಕೂ ಬಂದದ್ದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. 1790ರಿಂದ 1791ರವರೆಗೆ ಪರಶುರಾಮಭಾವು ಪಟವರ್ಧನರ ಸೇನೆ ತಿಂಗಳುಗಟ್ಟಲೆ ಧಾರವಾಡದ ಕೋಟೆಯನ್ನು ಮುತ್ತಿತ್ತು. ಅದೇ ಯುದ್ಧದಲ್ಲಿ, 1791ರಲ್ಲಿ, ಮರಾಠಾ ಸೇನೆಯೊಡನೆ ಬಂದ ಸುಲಿಗೆಗಾರರ ಗುಂಪು ಶೃಂಗೇರಿ ಮಠವನ್ನು ದೋಚಿತು. ಮಠವನ್ನು ಮತ್ತೆ ನಿಲ್ಲಿಸಲು ನೆರವಾದವನು ಟೀಪೂ ಸುಲ್ತಾನ. ಅವನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಮಠದಲ್ಲಿಯೇ ದೊರೆತಿವೆ. ಯಾರ ಮನಸ್ಸನ್ನೂ ನೋಯಿಸಲು ಇದನ್ನು ಬರೆಯುತ್ತಿಲ್ಲ. ದಂಡು ಬಂದ ದಾರಿಯಲ್ಲಿಯೇ ದಾನವೂ ವಿದ್ಯೆಯೂ ಹಾಡೂ ಓಡಾಡಿವೆ ಎಂಬುದಷ್ಟೇ ನಮ್ಮ ಅಭಿಪ್ರಾಯ. ಒಂದನ್ನು ಮರೆಸಿ ಇನ್ನೊಂದನ್ನು ಕಲಿಸಿದರೆ ಮಕ್ಕಳು ಮುಂದೆ ನಮ್ಮನ್ನು ನಂಬುವುದಿಲ್ಲ.

ವಿದ್ಯೆಯ ಮಾತು ಬಂದಾಗ ಫರ್ಗ್ಯುಸನ್ ಕಾಲೇಜನ್ನು ನೆನೆಯಬೇಕು. ಮರಗಳ ನೆರಳಿನ ಆ ಆವರಣ 1885ರಲ್ಲಿ ಆರಂಭವಾದ ವಿದ್ಯಾಸಂಸ್ಥೆಯದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಅಂದು ಮೇಲಿನ ಓದಿಗೆ ಪುಣೆಗೆ ಬರುತ್ತಿದ್ದರು. ಆಲೂರ ವೆಂಕಟರಾಯರು ಹೀಗೆ ಬಂದು ಇಲ್ಲಿ ಓದಿದವರು. 1917ರಲ್ಲಿ 'ಕರ್ನಾಟಕ ಗತವೈಭವ' ಬರೆದು, ಚಾಲುಕ್ಯ-ರಾಷ್ಟ್ರಕೂಟರು ನಿಮ್ಮವರು ಎಂದು ಮಲಗಿದ್ದ ಕನ್ನಡಿಗರನ್ನು ಎಬ್ಬಿಸಿದವರು ಅವರೇ. ದ.ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಇಲ್ಲಿಯೇ. ಬೇಂದ್ರೆಯವರ ಮನೆಮಾತು ಮರಾಠಿ, ಕಾವ್ಯ ಕನ್ನಡದ್ದು, 1973ರ ಜ್ಞಾನಪೀಠ ಕನ್ನಡಕ್ಕೆ ಬಂದದ್ದು ಅವರ ಮೂಲಕ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಭಾಷೆಯಾಗಿ ಮಕ್ಕಳು ಎರಡರಲ್ಲೂ ಕಚ್ಚಾ ಉಳಿಯುತ್ತಾರೆಂದು ಚಿಂತಿಸುವ ತಾಯಂದಿರು ಈ ಉದಾಹರಣೆಯನ್ನು ಲಕ್ಷ್ಯದಲ್ಲಿಡಬೇಕು.

ಪುಣೆಯ ನಲ್ಲಿಯ ನೀರಿನಲ್ಲಿಯೂ ನಮ್ಮವರೊಬ್ಬರ ನೆನಪಿದೆ. ಮುದ್ದೇನಹಳ್ಳಿಯ ಬಡ ಮನೆಯ ಹುಡುಗ ಎಂ. ವಿಶ್ವೇಶ್ವರಯ್ಯ ಮೈಸೂರು ಸರಕಾರದ ನೆರವಿನಿಂದ ಇಲ್ಲಿಯ ಕಾಲೇಜ್ ಆಫ್ ಸೈನ್ಸಿಗೆ ಬಂದು, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾದರು. ಅದೇ ಕಾಲೇಜು ಮುಂದೆ ಪುಣೆ ಎಂಜಿನಿಯರಿಂಗ್ ಕಾಲೇಜಾಯಿತು. ಸಿಂಹಗಡಕ್ಕೆ ಹೋಗುವ ದಾರಿಯಲ್ಲಿ ಎಲ್ಲರೂ ಇಳಿದು ಮೆಕ್ಕೆತೆನೆ ತಿನ್ನುವ ಖಡಕವಾಸಲಾ ಕೆರೆಯಲ್ಲಿ ಅವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಕೂಡಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದಾಗ ಬಾಗಿಲು ತಾನಾಗಿ ತೆರೆಯುವುದು, ಇಳಿದಾಗ ತಾನಾಗಿ ಮುಚ್ಚುವುದು; ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯುವುದು. ಇದೇ ಏರ್ಪಾಡು ಮುಂದೆ ಕೃಷ್ಣರಾಜಸಾಗರಕ್ಕೂ ಬಂತು. 1961ರ ಜುಲೈ 12ರಂದು ಪಾನಶೇತ ಕಟ್ಟೆ ಒಡೆದಾಗ ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕಟ್ಟೆಯೂ ಒಡೆದು ಪುಣೆ ಮುಳುಗಿತು. ಕಟ್ಟೆಯನ್ನು ಬಳಿಕ ಮತ್ತೆ ಕಟ್ಟಿದರು.

ಕೊನೆಗೆ ಹಾಡು. ಇದನ್ನು ನೋಡಲು ಡಿಸೆಂಬರಿನಲ್ಲಿಯೇ ಬರಬೇಕು. ಕುಂದಗೋಳದ ರಾಮಚಂದ್ರರಾಯರು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆನಿಸಿ, 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರ ಶಿಷ್ಯರಾದ, 1922ರಲ್ಲಿ ಹುಟ್ಟಿದ ಗದುಗಿನ ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ 1953ರಲ್ಲಿ ಸಂಗೀತೋತ್ಸವ ಆರಂಭಿಸಿದರು. ಇಂದು ಅದು ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದು. ಭೀಮಸೇನರು ಪುರಂದರದಾಸರ ಪದಗಳನ್ನೂ ತುಕಾರಾಮರ ಅಭಂಗಗಳನ್ನೂ ಅದೇ ತುಂಬು ಕಂಠದಲ್ಲಿ ಹಾಡಿದರು. 2008ರಲ್ಲಿ ಭಾರತರತ್ನಕ್ಕೆ ಪಾತ್ರರಾದರು. 2011ರ ಜನವರಿ 24ರಂದು ಪುಣೆಯಲ್ಲಿಯೇ ಕಣ್ಣುಮುಚ್ಚಿದರು. ಅವರು ಎಲ್ಲಿಯವರು ಎಂದು ಪುಣೆಯವರನ್ನು ಕೇಳಿ ನೋಡಿ, ನಮ್ಮವರು ಎನ್ನುತ್ತಾರೆ. ಗದುಗಿನವರನ್ನು ಕೇಳಿ, ಅವರೂ ಅದನ್ನೇ ಹೇಳುತ್ತಾರೆ. ಇಬ್ಬರ ಮಾತೂ ನಿಜ.

ಇಷ್ಟನ್ನೂ ಒಂದು ಭಾನುವಾರದಲ್ಲಿ ತುರುಕಬಾರದು. ಪೇಠೆಗಳಿಗೆ ಒಂದು ದಿನ, ಪಾತಾಳೇಶ್ವರ ಮತ್ತು ಫರ್ಗ್ಯುಸನ್ನಿಗೆ ಒಂದು, ಸಿಂಹಗಡ-ಖಡಕವಾಸಲಾಕ್ಕೆ ಒಂದು, ಕಾರ್ಲೆಗೆ ಮತ್ತೊಂದು ಎಂದು ಹಂಚಿಕೊಳ್ಳಬೇಕು. ಬುತ್ತಿ ಕಟ್ಟಿಕೊಂಡರೆ ಖರ್ಚೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾದದ್ದು: ನೆಂಟರಿಗೆ ವಿವರಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ, ಅದೂ ಕನ್ನಡದಲ್ಲಿ. ಫಲಕದ ಮರಾಠಿಯನ್ನು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲ ಮಗು ಎರಡು ನಾಡುಗಳನ್ನು ಬಲ್ಲದ್ದು. ಅದಕ್ಕೆ "ತುಮ್ಹೀ ಮೂಳಚೇ ಕುಠಲೇ?" ಎಂಬ ಪ್ರಶ್ನೆ ಭಾರವಾಗದು. ಬನವಾಸಿಯ ಭೂತಪಾಲ ಬಂದ ದಾರಿಯಲ್ಲಿ ನಾವೂ ಬಂದೆವು ಎಂದು ಅದು ನಗುತ್ತ ಹೇಳಬಹುದು. ಆ ಶೆಟ್ಟಿ ಬಂದ ಊರಿಗೆ ಒಂದು ಒಳ್ಳೆಯ ಕೆಲಸ ಮಾಡಿಟ್ಟು ಹೋದ. ಅಷ್ಟು ದೊಡ್ಡದು ನಮ್ಮಿಂದಾಗದಿದ್ದರೂ, ನಮ್ಮ ಪಾಲಿನದನ್ನು ಮಾಡುವ ಹೊಣೆ ನಮ್ಮ ಮೇಲಿದೆ.